ಕಾರ್ಮಿಕರ ಪರ ಕೇಸು ನಡೆಸಿದವರಿಗೆ ಲಾ ಫರ್ಮಿನಲ್ಲಿ ಜಾಗವಿದೆಯೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕಾರ್ಮಿಕರ ಪರ ಕೇಸು ನಡೆಸುವ ಹಿರಿಯ ವಕೀಲರ ಹತ್ತಿರ ನಾಲ್ಕು ವರ್ಷದಿಂದ ಜೂನಿಯರ್ ಆಗಿದ್ದೇನೆ. ಹೆಚ್ಚಿನವು ಸಾರಿಗೆ ನಿಗಮದ ಕಂಡಕ್ಟರ್, ಡ್ರೈವರ್‌ಗಳ ವಜಾ ಪ್ರಕರಣಗಳು, ಕೆಲವು ಕಾರ್ಖಾನೆಯ ಗುತ್ತಿಗೆ ಕಾರ್ಮಿಕರದ್ದು. ಬೆಂಗಳೂರಿನ ಲಾ ಫರ್ಮೊಂದು ಎಂಪ್ಲಾಯ್‌ಮೆಂಟ್ ಲಾ ಅಸೋಸಿಯೇಟ್ ಹುದ್ದೆಗೆ ಸಂದರ್ಶನಕ್ಕೆ ಕರೆದಿದೆ. ಇನ್ನು ಮೂರು ವಾರ ಇದೆ. ಮೊದಲು ಒಂದು ಲಿಖಿತ ಪರೀಕ್ಷೆ, ಆಮೇಲೆ ಪಾರ್ಟ್ನರ್ ಜೊತೆ ಮಾತುಕತೆಯಂತೆ. ಅವರ ಕಕ್ಷಿದಾರರೆಲ್ಲ ಕಂಪನಿಗಳು. ನಾನು ಕಾರ್ಮಿಕರ ಕಡೆಯವಳು ಎಂಬುದನ್ನು ಬಯೋಡೇಟಾದಲ್ಲಿ ಮುಚ್ಚಿಡಬೇಕೇ? ಏನು ಓದಿಕೊಳ್ಳಲಿ? ಇಂಗ್ಲಿಷ್ ಮಾತು ಅಷ್ಟು ಸಲೀಸಿಲ್ಲ. ಸಂಬಳದ ವಿಷಯ ಹೇಗೆ ಮಾತಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಮುಚ್ಚಿಡಬೇಡಿ. ಅದನ್ನೇ ಮೊದಲ ಸಾಲಿಗೆ ತನ್ನಿ.

ಲಾ ಫರ್ಮಿನ ಎಂಪ್ಲಾಯ್‌ಮೆಂಟ್ ವಿಭಾಗದಲ್ಲಿ ಮುಕ್ಕಾಲು ಪಾಲು ಕೆಲಸ ಕಾಗದ ಬರೆಯುವುದು. ಅಪಾಯಿಂಟ್‌ಮೆಂಟ್ ಲೆಟರ್, ಶೋಕಾಸ್ ನೋಟಿಸ್, ಚಾರ್ಜ್‌ಶೀಟ್, ಟರ್ಮಿನೇಷನ್ ಆರ್ಡರ್, ಕಂಪನಿಯ ಪಾಲಿಸಿಗಳು. ಈ ಕಾಗದಗಳಿಗೆ ನಿಜವಾದ ಪರೀಕ್ಷೆ ನಡೆಯುವುದು ನಾಲ್ಕೈದು ವರ್ಷ ಕಳೆದ ಮೇಲೆ, ಲೇಬರ್ ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ. ಫರ್ಮ್‌ಗಳಲ್ಲಿ ಕೂತು ಬರೆಯುವ ಹುಡುಗ ಹುಡುಗಿಯರಲ್ಲಿ ಬಹಳ ಜನ ಆ ಕಟ್ಟೆಯ ಹತ್ತಿರ ಹೋದವರಲ್ಲ. ತಾವು ಬರೆದ ಕಾಗದ ಹೇಗೆ ಸೋಲುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿಲ್ಲ. ನೀವು ನಾಲ್ಕು ವರ್ಷ ಮಾಡಿದ್ದು ಅದನ್ನೇ: ಅಂಥ ಕಾಗದದಲ್ಲಿ ತೂತು ಹುಡುಕುವುದು. ತಿಳಿದ ಪಾರ್ಟ್ನರ್‌ಗೆ ಇದರ ಬೆಲೆ ಗೊತ್ತಿರುತ್ತದೆ. ಗೊತ್ತಿಲ್ಲದ ಪಾರ್ಟ್ನರ್ ಆದರೆ, ಆ ಕೆಲಸ ಸಿಗದಿದ್ದರೂ ನಿಮಗೆ ನಷ್ಟ ಕಡಿಮೆ.

ನನ್ನ ಕಚೇರಿಯಲ್ಲಿ ಜೂನಿಯರ್ ತೆಗೆದುಕೊಳ್ಳುವಾಗ ನಾನೊಂದು ಹಳೆಯ ಫೈಲನ್ನು ಹೆಸರುಗಳಿಗೆಲ್ಲ ಮಸಿ ಬಳಿದು ಮೇಜಿನ ಮೇಲೆ ಇಡುತ್ತೇನೆ. ಮೂರು ಪುಟದ ವಜಾ ಆದೇಶ, ಒಂಬತ್ತು ಪುಟದ ವಿಚಾರಣಾ ವರದಿ, ಕೊನೆಯಲ್ಲಿ ತೆರೆಯದೆ ವಾಪಸು ಬಂದ ಒಂದು ರಿಜಿಸ್ಟರ್ಡ್ ಲಕೋಟೆ. ಹೆಚ್ಚಿನವರು ಆದೇಶ ಓದುತ್ತಾರೆ, ಚೆನ್ನಾಗಿ ಬರೆದಿದೆ ಎನ್ನುತ್ತಾರೆ. ನಿಜಕ್ಕೂ ಚೆನ್ನಾಗಿಯೇ ಇದೆ. ಒಬ್ಬಳು ಮಾತ್ರ ಮೊದಲು ಲಕೋಟೆ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ವಿಚಾರಣೆಯ ನೋಟಿಸ್ ಹೋಗಿದ್ದು ಬೆಂಗಳೂರಿನ ಪಿ.ಜಿ. ವಿಳಾಸಕ್ಕೆ, ಆತ ಕೆಲಸಕ್ಕೆ ಬರುವುದು ನಿಲ್ಲಿಸಿದ ಮೇಲೆ. ಕಂಪನಿಯ ಸ್ವಂತ ಫೈಲಿನಲ್ಲೇ ಹಾವೇರಿ ಜಿಲ್ಲೆಯ ಖಾಯಂ ವಿಳಾಸವಿತ್ತು. ಅಲ್ಲಿಗೆ ಒಂದು ಪ್ರತಿಯನ್ನೂ ಕಳಿಸಿರಲಿಲ್ಲ. "ಸರ್, ಈ ಒಂಬತ್ತು ಪುಟ ವೇಸ್ಟು" ಎಂದಳು. ಅವಳು ಮೈಸೂರಿನ ಲೇಬರ್ ಕೋರ್ಟಿನಲ್ಲಿ ಎರಡು ವರ್ಷ ಓಡಾಡಿ ಬಂದವಳು. ಅವತ್ತೇ ಬಾ ಅಂದೆ.

ಆದ್ದರಿಂದ ಬಯೋಡೇಟಾದಲ್ಲಿ "ಕಾರ್ಮಿಕ ಕಾನೂನಿನಲ್ಲಿ ಅನುಭವ" ಎಂಬ ಸಪ್ಪೆ ಸಾಲು ಬೇಡ. ಎಷ್ಟು ಕ್ಲೇಮ್ ಸ್ಟೇಟ್‌ಮೆಂಟ್ ಬರೆದಿರಿ, ಎಷ್ಟು ಸಾಕ್ಷಿಗಳ ಪಾಟಿ ಸವಾಲು ನೀವೇ ಮಾಡಿದಿರಿ, ಡೊಮೆಸ್ಟಿಕ್ ಎನ್‌ಕ್ವೈರಿ (ಮಾಲೀಕರೇ ನಡೆಸುವ ಆಂತರಿಕ ವಿಚಾರಣೆ) ಸರಿಯಾಗಿತ್ತೇ ಎಂಬ ಪ್ರಾಥಮಿಕ ವಿವಾದಾಂಶದ ಮೇಲೆ ಎಷ್ಟು ಆದೇಶ ಬಂದವು, ಹೈಕೋರ್ಟಿನ ಧಾರವಾಡ ಪೀಠದಲ್ಲಿ ಎಲ್-ಟಿಇಆರ್ (ಕೆಲಸದಿಂದ ತೆಗೆದ ಪ್ರಕರಣ), ಎಲ್-ಕೆಎಸ್‌ಆರ್‌ಟಿಸಿ ಎಂದು ನಂಬರಾಗುವ ರಿಟ್ ಅರ್ಜಿಗಳಲ್ಲಿ ನಿಮ್ಮ ಕರಡು ಎಷ್ಟು — ಇದನ್ನು ಬರೆಯಿರಿ. ಆ ಅಕ್ಷರಗಳನ್ನು ನೋಡಿದರೆ ಓದುವವರಿಗೆ ನೀವು ನಿಜವಾಗಿ ಕೋರ್ಟಿನ ಕಾರಿಡಾರಿನಲ್ಲಿ ನಿಂತವರು ಎಂದು ತಿಳಿಯುತ್ತದೆ. ಕಕ್ಷಿದಾರರ ಹೆಸರು ಎಲ್ಲೂ ಬೇಡ.

ಕಂಡಕ್ಟರ್ ಕೇಸುಗಳನ್ನು ಕೀಳಾಗಿ ಕಾಣಬೇಡಿ. ಟಿಕೆಟ್ ಕೊಡದೆ ದುಡ್ಡು ಇಟ್ಟುಕೊಂಡ ಎಂಬ ಆರೋಪದಲ್ಲಿ ನಿಗಮದ ವಕೀಲರು ಪ್ರತಿ ಸಲ ಎತ್ತುವ ತೀರ್ಪು ಸುಪ್ರೀಂ ಕೋರ್ಟಿನ 1977ರ ರತ್ತನ್ ಸಿಂಗ್ ಪ್ರಕರಣದ್ದು. ಪ್ರಯಾಣಿಕರನ್ನು ಸಾಕ್ಷಿಗೆ ಕರೆಯಲಿಲ್ಲ ಎಂದ ಮಾತ್ರಕ್ಕೆ ವಿಚಾರಣೆ ಬಿದ್ದುಹೋಗುವುದಿಲ್ಲ, ಸಾಕ್ಷ್ಯ ಕಾಯಿದೆಯ ಕಟ್ಟುನಿಟ್ಟು ಅಲ್ಲಿ ಬೇಡ, ಒಂದಿಷ್ಟು ನಂಬಲರ್ಹ ಪುರಾವೆ ಇದ್ದರೆ ಸಾಕು ಎಂದ ತೀರ್ಪು. ಎದುರು ಪಕ್ಷದಲ್ಲಿ ಕೂತು ನೀವು ಅದನ್ನು ಐವತ್ತು ಸಲ ಕೇಳಿರುತ್ತೀರಿ. ಸಾಫ್ಟ್‌ವೇರ್ ಕಂಪನಿ ಲ್ಯಾಪ್‌ಟಾಪ್ ಲಾಗ್ ಇಟ್ಟುಕೊಂಡು ಒಬ್ಬನನ್ನು ವಿಚಾರಣೆಗೆ ಒಳಪಡಿಸಿದಾಗ ಬೇಕಾಗುವುದೂ ಇದೇ ತತ್ವ. ಬಸ್ಸಿನ ಬದಲು ಸರ್ವರ್, ಅಷ್ಟೇ.

ಇನ್ನು ಕನ್ನಡ. ಪೀಣ್ಯದ, ದೊಡ್ಡಬಳ್ಳಾಪುರದ ಕಾರ್ಖಾನೆಗಳಲ್ಲಿ ಎನ್‌ಕ್ವೈರಿ ನಡೆಯುವುದು ಕನ್ನಡದಲ್ಲಿ, ಬರೆದುಕೊಳ್ಳುವುದು ಎಷ್ಟೋ ಸಲ ಇಂಗ್ಲಿಷಿನಲ್ಲಿ, ಸಹಿ ಹಾಕುವುದು ಇಂಗ್ಲಿಷ್ ಬಾರದ ಕೆಲಸಗಾರ. ಪಾಟಿ ಸವಾಲಿನಲ್ಲಿ ವಿಚಾರಣಾಧಿಕಾರಿಗೆ "ಇದನ್ನು ಆತನಿಗೆ ಓದಿ ವಿವರಿಸಿದ್ದೀರಿ ಎಂದು ಎಲ್ಲಿ ಬರೆದಿದೆ, ತೋರಿಸಿ" ಎಂದು ಕೇಳಿ, ಅವರು ಹಾಳೆ ಮಗುಚುತ್ತಾ ಕೂರುವುದನ್ನು ನೀವು ನೋಡಿರಬಹುದು. ಬೆಂಗಳೂರಿನ ಫರ್ಮ್‌ಗಳಲ್ಲಿ ಕನ್ನಡದ ಕೈಬರಹದ ವಿಚಾರಣಾ ನಡಾವಳಿ ಬಂದರೆ ಓದಲು ಕ್ಲರ್ಕ್ ಅನ್ನು ಕರೆಯುವ ಪರಿಸ್ಥಿತಿ ಎಷ್ಟೋ ಕಡೆ ಇದೆ. ನಿಮ್ಮ ಇಂಗ್ಲಿಷ್ ಮಾತು ತಡವರಿಸಿದರೆ ತಡವರಿಸಲಿ. ಬರವಣಿಗೆ ನೇರವಾಗಿರಲಿ, ಚಿಕ್ಕ ವಾಕ್ಯದಲ್ಲಿರಲಿ. ಮಾತು ಆರು ತಿಂಗಳಲ್ಲಿ ತಾನೇ ಕುದುರುತ್ತದೆ.

ನಿಮಗೆ ಎಲ್ಲಿ ಕೊರತೆ ಎಂಬುದನ್ನೂ ಹೇಳುತ್ತೇನೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಕೇಂದ್ರ ಕಾಯಿದೆಗಳು ಅವುಗಳೊಳಗೆ ಸೇರಿಹೋದವು. ಫರ್ಮ್‌ಗಳು ಹೊಸ ಅಸೋಸಿಯೇಟ್ ಹುಡುಕುತ್ತಿರುವುದಕ್ಕೆ ಇದೂ ಒಂದು ಕಾರಣ, ಎಲ್ಲ ಕಂಪನಿಗೂ ಅಪಾಯಿಂಟ್‌ಮೆಂಟ್ ಲೆಟರ್‌ನಿಂದ ಹಿಡಿದು ಸಂಬಳದ ಚೀಟಿಯವರೆಗೆ ಮತ್ತೆ ನೋಡಿಸಿಕೊಳ್ಳಬೇಕಾಗಿದೆ. ಆದರೆ ನಿಮ್ಮ ಕೈಯಲ್ಲಿರುವ ಫೈಲುಗಳೆಲ್ಲ 1947ರ ಕೈಗಾರಿಕಾ ವಿವಾದ ಕಾಯಿದೆಯವು. ವಜಾ ಆದವರು ಆರು ತಿಂಗಳೊಳಗೆ ನೇರವಾಗಿ ಲೇಬರ್ ಕೋರ್ಟಿಗೆ ಹೋಗಲು ಕರ್ನಾಟಕ ತಂದುಕೊಂಡ 10(4-ಎ) ತಿದ್ದುಪಡಿ ನಿಮಗೆ ಬಾಯಿಪಾಠ. ನವೆಂಬರ್ 21ಕ್ಕೆ ಮೊದಲು ಹುಟ್ಟಿದ ಹಕ್ಕು ಬಾಧ್ಯತೆಗಳಿಗೆ ಹಳೆಯ ಕಾಯಿದೆಯೇ ಆಧಾರ, ಹಾಗಾಗಿ ಅದು ವ್ಯರ್ಥವಾಗುವುದಿಲ್ಲ. ಹೊಸದನ್ನು ಮಾತ್ರ ಈ ಮೂರು ವಾರದಲ್ಲಿ ಹಳೆಯದರ ಪಕ್ಕಕ್ಕಿಟ್ಟು ಓದಿ. ಸೆಕ್ಷನ್ ನಂಬರ್ ಉರು ಹೊಡೆಯಬೇಡಿ, ಏನು ಬದಲಾಯಿತು ಎಂಬುದನ್ನಷ್ಟೇ ಬರೆದುಕೊಳ್ಳಿ: ಕಾರ್ಖಾನೆಯಲ್ಲಿ ರಿಟ್ರೆಂಚ್‌ಮೆಂಟಿಗೆ (ಹೆಚ್ಚುವರಿ ಎಂದು ಕೆಲಸಗಾರರನ್ನು ತೆಗೆಯುವುದಕ್ಕೆ) ಸರ್ಕಾರದ ಮುಂಗಡ ಅನುಮತಿ ಬೇಕಾಗುವ ಮಿತಿ ಹಿಂದೆ 100 ಕಾರ್ಮಿಕರು, ಈಗ 300. ಸ್ಟ್ಯಾಂಡಿಂಗ್ ಆರ್ಡರ್ಸ್‌ಗೂ, ಅಂದರೆ ಸಂಸ್ಥೆಯ ಸೇವಾ ನಿಯಮಾವಳಿಗೂ, 300. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಕೆಲಸ ಬಿಟ್ಟವರ, ಬಿಡಿಸಿದವರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ. ನಲವತ್ತೈದು ದಿನ "ಫುಲ್ ಅಂಡ್ ಫೈನಲ್ ಪ್ರೋಸೆಸ್‌ನಲ್ಲಿದೆ" ಎನ್ನುತ್ತಿದ್ದ ಎಚ್‌ಆರ್‌ಗಳಿಗೆ ಈಗ ನಿದ್ದೆಯಿಲ್ಲ.

ವೇತನದ ಹೊಸ ವ್ಯಾಖ್ಯೆಯ ಲೆಕ್ಕ ಕೈಯಾರೆ ಮಾಡಿ ನೋಡಿ. ಒಬ್ಬರ ಒಟ್ಟು ಸಂಬಳ ತಿಂಗಳಿಗೆ 50,000, ಅದರಲ್ಲಿ ಬೇಸಿಕ್ 20,000, ಮನೆ ಬಾಡಿಗೆ ಭತ್ಯೆ ಮತ್ತು ಪ್ರಯಾಣ ಭತ್ಯೆ ಸೇರಿ 30,000 ಎಂದುಕೊಳ್ಳಿ. ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಬಳದ ಅರ್ಧ, ಅಂದರೆ 25,000 ದಾಟಬಾರದು. ದಾಟಿದ 5,000 ವೇತನಕ್ಕೆ ಬಂದು ಸೇರುತ್ತದೆ. ಗ್ರಾಚ್ಯುಟಿಯ ಲೆಕ್ಕ ಇನ್ನು 20,000ದ ಮೇಲಲ್ಲ, 25,000ದ ಮೇಲೆ. ಕಂಪನಿಯ ಫೈನಾನ್ಸ್ ವಿಭಾಗ ಫೋನು ಮಾಡಿ ಕೇಳುವುದು ಇದನ್ನೇ.

ಲಿಖಿತ ಪರೀಕ್ಷೆಯಲ್ಲಿ ಏನು ಕೊಡುತ್ತಾರೆ ಎಂದು ನಾನು ಭವಿಷ್ಯ ಹೇಳಲಾರೆ. ನಾನು ಕೊಡುವುದಾದರೆ ಈ ಎರಡನ್ನು ಕೊಡುತ್ತೇನೆ.

ಒಂದು, ಎಚ್‌ಆರ್‌ನಿಂದ ಬಂದ ಮೇಲ್. "ನಮ್ಮ ಇಂದಿರಾನಗರ ಕಚೇರಿಯ ಒಬ್ಬ ಹುಡುಗನ ಪ್ರೊಬೇಷನ್ ಆರು ತಿಂಗಳು ಮುಗಿದಿದೆ, ಕನ್ಫರ್ಮೇಷನ್ ಕೊಟ್ಟಿಲ್ಲ, ಈಗ ಎಂಟನೇ ತಿಂಗಳು. ಕೆಲಸ ಸರಿಯಿಲ್ಲ. ಅಲ್ಲದೆ ಗ್ರಾಹಕರ ಡೇಟಾ ಹೊರಗೆ ಕೊಟ್ಟಿದ್ದಾನೆಂದು ಅನುಮಾನ. ಇವತ್ತು ಸಂಜೆಯೊಳಗೆ ತೆಗೆಯಬೇಕು, ಲೆಟರ್ ಕಳಿಸಿ." ಇಂಥ ಮೇಲ್ ಬಂದ ತಕ್ಷಣ ಚಂದದ ಟರ್ಮಿನೇಷನ್ ಲೆಟರ್ ಬರೆದುಕೊಡುವ ಅಭ್ಯರ್ಥಿಗೆ ನಾನು ಅಂಕ ಕೊಡುವುದಿಲ್ಲ. ಆ ಮೇಲ್‌ನಲ್ಲಿ ಎರಡು ಬೇರೆ ಕಾರಣಗಳು ಒಂದೇ ಪಾತ್ರೆಯಲ್ಲಿ ಕುದಿಯುತ್ತಿವೆ. ಕೆಲಸ ಸಾಲದು ಎನ್ನುವುದು ಒಂದು. ಅದಕ್ಕೆ ಅಪ್ರೈಸಲ್, ಎಚ್ಚರಿಕೆ ಮೇಲ್‌ಗಳಂಥ ದಾಖಲೆ ಬೇಕು. ಡೇಟಾ ಕದ್ದ ಎನ್ನುವುದು ಇನ್ನೊಂದು. ಅದು ದುರ್ನಡತೆ, ಅದಕ್ಕೆ ಚಾರ್ಜ್‌ಶೀಟ್, ಎನ್‌ಕ್ವೈರಿ ಬೇಕು. ಎರಡನ್ನೂ ಒಂದೇ ಪತ್ರದಲ್ಲಿ ಬರೆದರೆ ಅದು ಮಾಮೂಲಿ ಬಿಡುಗಡೆಯಾಗಿ ಉಳಿಯುವುದಿಲ್ಲ, ಕಳಂಕ ಹೊರಿಸಿ ಹೊರಹಾಕಿದಂತೆ ಆಗುತ್ತದೆ. ಇನ್ನೂ ಒಂದಿದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳು ಸತತ ಸೇವೆ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ವಿಚಾರಣೆಯಲ್ಲಿ ಸಾಬೀತಾಗಿದ್ದರೆ ಮಾತ್ರ ನೋಟಿಸ್ ಬೇಡ. ಸಂಹಿತೆಗಳು ನುಂಗಿದ್ದು ಕೇಂದ್ರ ಕಾಯಿದೆಗಳನ್ನು. ಇದು ರಾಜ್ಯದ್ದು, ಹಾಗೇ ಉಳಿದಿದೆ. ಪ್ರೊಬೇಷನ್ ಎಂಬ ಪದ ಈ ಸೆಕ್ಷನ್ನಿನ ಮುಂದೆ ಗುರಾಣಿಯಾಗುವುದಿಲ್ಲ. ಇಷ್ಟನ್ನು ಎಂಟು ಸಾಲಿನ ಮೇಲ್‌ನಲ್ಲಿ, ಎಚ್‌ಆರ್ ಮ್ಯಾನೇಜರ್‌ಗೆ ಅವಮಾನವಾಗದ ಹಾಗೆ, "ಇವತ್ತು ಸಂಜೆ ಲೆಟರ್ ಬೇಡ, ಮೊದಲು ಈ ಮೂರು ದಾಖಲೆ ಕಳಿಸಿ" ಎಂದು ಬರೆಯುವುದೇ ಈ ಕೆಲಸ.

ಎರಡನೆಯದು ಲೆಕ್ಕ. ತಿಂಗಳ ವೇತನ 26,000, ಸೇವೆ 6 ವರ್ಷ 7 ತಿಂಗಳು, ಕಾರ್ಮಿಕನನ್ನು ರಿಟ್ರೆಂಚ್ ಮಾಡುತ್ತಿದ್ದಾರೆ, ಎಷ್ಟು ಕೊಡಬೇಕು? ಆರು ತಿಂಗಳು ಮೀರಿದ ಭಾಗ ಇಡೀ ವರ್ಷವೆನಿಸುವುದರಿಂದ ಗ್ರಾಚ್ಯುಟಿ, ರಿಟ್ರೆಂಚ್‌ಮೆಂಟ್ ಪರಿಹಾರ ಎರಡಕ್ಕೂ 7 ವರ್ಷ ಎಂಬಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಆಮೇಲೆ ಎಡವುತ್ತಾರೆ. ಗ್ರಾಚ್ಯುಟಿಗೆ ತಿಂಗಳನ್ನು 26ರಿಂದ ಭಾಗಿಸಬೇಕು: ದಿನಕ್ಕೆ 1,000, ಹದಿನೈದು ದಿನಕ್ಕೆ 15,000, ಏಳು ವರ್ಷಕ್ಕೆ 1,05,000. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೂ ಹಾಗೇ 26ರಿಂದ ಭಾಗಿಸುವುದು ತಪ್ಪು. ಅಲ್ಲಿ ಹದಿನೈದು ದಿನದ ಸರಾಸರಿ ವೇತನವೆಂದರೆ ಅರ್ಧ ತಿಂಗಳು ಎಂದು ಗುರು ಜಂಭೇಶ್ವರ ವಿಶ್ವವಿದ್ಯಾಲಯದ 2007ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ 13,000, ಏಳು ವರ್ಷಕ್ಕೆ 91,000. ನೋಟಿಸ್ ಕೊಟ್ಟಿಲ್ಲವಾದರೆ ಒಂದು ತಿಂಗಳದ್ದು 26,000. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಇದರ ಜೊತೆಗೆ ಮರುಕೌಶಲ್ಯ ನಿಧಿಗೆ ಮಾಲೀಕರು ಹದಿನೈದು ದಿನದ ವೇತನ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕನ ಖಾತೆಗೆ ಹೋಗಬೇಕು. ಕ್ಲೇಮ್ ಸ್ಟೇಟ್‌ಮೆಂಟಿನ ಕೊನೆಯಲ್ಲಿ ಪಟ್ಟಿ ಹಾಕಿ ಅಭ್ಯಾಸವಿರುವ ನಿಮಗೆ ಇದು ಕಷ್ಟವಲ್ಲ.

ಮೌಖಿಕದಲ್ಲಿ "ಸಾಫ್ಟ್‌ವೇರ್ ಎಂಜಿನಿಯರ್ ಕಾರ್ಮಿಕನೇ?" ಎಂದು ಕೇಳಿಯೇ ಕೇಳುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಊರ ತುಂಬ ಓಡಾಡುತ್ತಿದೆ. ಹಳೆಯ ಕಾಯಿದೆಯಲ್ಲಿ 10,000, ಹೊಸ ಸಂಹಿತೆಯಲ್ಲಿ 18,000 ದಾಟಿದವರು ಕಾರ್ಮಿಕರಲ್ಲ ಎಂಬುದು. ಆ ಮಿತಿ ಇರುವುದು ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ. ಕೈಕೆಳಗೆ ಯಾರೂ ಇಲ್ಲದೆ, ರಜೆ ಮಂಜೂರು ಮಾಡುವ ಅಧಿಕಾರವೂ ಇಲ್ಲದೆ ಕೋಡ್ ಬರೆಯುವವರ ಸಂಬಳ ಎರಡು ಲಕ್ಷವಿದ್ದರೂ ಅವರ ಕೆಲಸ "ತಾಂತ್ರಿಕ" ಎನಿಸಿ ಕಾರ್ಮಿಕರಾಗಬಹುದು. ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜರ್ ಎಂದಿದ್ದರೆ ಸಾಲದು, ದಿನವಿಡೀ ಮಾಡುವುದೇನು ಎಂದು ನೋಡಬೇಕು. ನೀವು ಡ್ರೈವರ್‌ಗಳ ಪರ ಎಂದೂ ಈ ಪ್ರಶ್ನೆ ಎದುರಿಸಿರಲಿಕ್ಕಿಲ್ಲ, ಡ್ರೈವರ್ ಕಾರ್ಮಿಕನಲ್ಲ ಎಂದು ವಾದಿಸುವ ಧೈರ್ಯ ಯಾರಿಗೂ ಇಲ್ಲವಲ್ಲ. ಹಾಗಾಗಿ ಇದನ್ನು ಸ್ವಲ್ಪ ಹೆಚ್ಚು ಓದಿಕೊಳ್ಳಿ.

ಲೈಂಗಿಕ ಕಿರುಕುಳ ತಡೆಯ 2013ರ ಕಾಯಿದೆ ಫರ್ಮಿನಲ್ಲಿ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಹತ್ತು ಜನರಿದ್ದರೆ ಆಂತರಿಕ ಸಮಿತಿ, ದೂರಿಗೆ ಮೂರು ತಿಂಗಳು, ವಿಚಾರಣೆಗೆ 90 ದಿನ, ರಾಜಿಯಾದರೆ ಹಣದ ಮೇಲೆ ರಾಜಿಯಾಗಕೂಡದು. ಕರ್ನಾಟಕದ್ದೇ ಆದ ಎರಡು ಹೊಸ ಸಂಗತಿ ತಿಳಿದಿರಲಿ: ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಪಾವತಿಸುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಲು ಅವಕಾಶವಿರುವ 2025ರ ಗಿಗ್ ಕಾರ್ಮಿಕರ ಕಾಯಿದೆ, ಮತ್ತು ವರ್ಷಕ್ಕೆ 12 ದಿನದ ಸಂಬಳಸಹಿತ ಮುಟ್ಟಿನ ರಜೆಯ ಸರ್ಕಾರಿ ಆದೇಶ.

ನಿಮ್ಮಿಂದ ಅವರಿಗೆ ಒಂದು ಪ್ರಶ್ನೆ ಹೋಗಲಿ: "ಕೋರ್ಟಿಗೆ ಕಳಿಸುತ್ತೀರಾ?" ಹಳೆಯ ಕಾಯಿದೆಯ 36ನೇ ಸೆಕ್ಷನ್ನಿನ ಪ್ರಕಾರ ರಾಜಿ ಸಂಧಾನದಲ್ಲಿ ವಕೀಲರು ಹಾಜರಾಗುವಂತಿಲ್ಲ, ಲೇಬರ್ ಕೋರ್ಟಿನಲ್ಲಿ ಎದುರು ಪಕ್ಷದ ಒಪ್ಪಿಗೆ ಮತ್ತು ಕೋರ್ಟಿನ ಅನುಮತಿ ಎರಡೂ ಬೇಕು. ಸಂಹಿತೆಯಲ್ಲೂ ಅದೇ ಮುಂದುವರಿದಿದೆ. ಹಾಗಾಗಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಅಧಿಕಾರಿಯ ಮುಂದೆ ಕೂರುವುದು ಎಚ್‌ಆರ್. ಹಿಂದಿನ ರಾತ್ರಿ ಅವರನ್ನು ತಯಾರು ಮಾಡುವುದು ಅಸೋಸಿಯೇಟ್. ಅಲ್ಲಿ ಏನು ಒಪ್ಪಿಕೊಂಡರೆ ಮುಂದೆ ಯಾವ ಸಾಲು ಕುತ್ತಿಗೆಗೆ ಬರುತ್ತದೆ ಎಂದು ಹೇಳಬಲ್ಲವರು ಫರ್ಮಿಗೆ ಬೇಕು. ಆದರೆ ಕೆಲವು ಕಡೆ ಅಸೋಸಿಯೇಟ್‌ಗಳು ವರ್ಷಗಟ್ಟಲೆ ಪಾಲಿಸಿ ತಿದ್ದುತ್ತಲೇ ಇರುತ್ತಾರೆ, ಕಪ್ಪು ಕೋಟು ಹ್ಯಾಂಗರ್‌ನಲ್ಲಿ ಧೂಳು ಹಿಡಿಯುತ್ತದೆ. ನಿಮಗದು ಒಪ್ಪಿಗೆಯೇ ಎಂದು ಮೊದಲೇ ಯೋಚಿಸಿ.

ಈಗ ದುಡ್ಡಿನ ಮಾತು. ಇದರಲ್ಲಿ ಒಂದು ವಿಚಿತ್ರವಿದೆ, ನಮ್ಮ ವೃತ್ತಿಯಲ್ಲಿರುವವರು ಅದನ್ನು ಜೋರಾಗಿ ಹೇಳುವುದು ಕಡಿಮೆ. ನೀವು ಸೇರಲಿರುವುದು ಉದ್ಯೋಗ ಕಾನೂನಿನ ಕೆಲಸಕ್ಕೆ. ಆದರೆ ನೀವು ಉದ್ಯೋಗಿಯಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದ ಪ್ರಕಾರ ವಕೀಲಿ ಮಾಡುತ್ತಿರುವವರು ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಹಾಗಾಗಿ ಫರ್ಮ್‌ಗಳು ಮಾಡುವುದು ರಿಟೇನರ್ ಒಪ್ಪಂದ. ತಿಂಗಳಿಗೆ ಕೊಡುವುದು "ವೃತ್ತಿಪರ ಶುಲ್ಕ", ಅದರಿಂದ ಶೇ. 10 ಟಿಡಿಎಸ್ ಹಿಡಿಯುತ್ತಾರೆ. ಸಾಮಾನ್ಯವಾಗಿ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಹೆರಿಗೆ ರಜೆ 26 ವಾರ ಎಂದು ಕಂಪನಿಗಳಿಗೆ ಅಭಿಪ್ರಾಯ ಬರೆದುಕೊಡುವ ಅಸೋಸಿಯೇಟ್‌ಗೆ ತನ್ನ ಹೆರಿಗೆ ರಜೆ ಫರ್ಮಿನ ಪಾಲಿಸಿಯಲ್ಲಿ ಎಷ್ಟಿದೆಯೋ ಅಷ್ಟೇ.

1978ರ ಬೆಂಗಳೂರು ಜಲಮಂಡಳಿ ತೀರ್ಪು ನಿಮಗೆ ಗೊತ್ತಿದೆ, ಎ. ರಾಜಪ್ಪ ಪ್ರಕರಣ. ಏಳು ನ್ಯಾಯಮೂರ್ತಿಗಳ ಪೀಠ "ಕೈಗಾರಿಕೆ"ಯ ಅರ್ಥವನ್ನು ಆಸ್ಪತ್ರೆ, ವಿಶ್ವವಿದ್ಯಾಲಯಗಳವರೆಗೆ ಹಿಗ್ಗಿಸಿದ್ದು. ಅದರಲ್ಲಿ ಸಾಲಿಸಿಟರ್‌ಗಳ ಕಚೇರಿಯಂಥ ವೃತ್ತಿಸಂಸ್ಥೆಗಳೂ ಹೊರಗುಳಿಯಲಿಲ್ಲ. 1984ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಅದೇ ಸುಪ್ರೀಂ ಕೋರ್ಟ್, ವಕೀಲರ ಕಚೇರಿ ಆ ರಾಜ್ಯದ ಅಂಗಡಿ ಕಾಯಿದೆಯ ಕೆಳಗೆ ವಾಣಿಜ್ಯ ಸಂಸ್ಥೆಯಲ್ಲ ಎಂದಿತು. ಈ ಎರಡು ತೀರ್ಪುಗಳ ನಡುವಿನ ಸಂದಿಯಲ್ಲೇ ನಮ್ಮ ಕಚೇರಿಗಳ ಟೈಪಿಸ್ಟು, ಕ್ಲರ್ಕುಗಳ ಬದುಕು ಸಾಗಿದೆ. ಅಸೋಸಿಯೇಟ್‌ಗಳ ಮಾತು ಇನ್ನೂ ದೂರ. ನಾನೂ ನನ್ನ ಜೂನಿಯರ್‌ಗಳಿಗೆ ಕೊಡುವುದು ರಿಟೇನರ್ ಫೀಸೇ. ಹೇಳಿಕೊಳ್ಳಲು ಹೆಮ್ಮೆಯಿಲ್ಲ.

ಆದ್ದರಿಂದ ಬಾಯಲ್ಲಿ ಹೇಳಿದ ಮೊತ್ತ ಕೇಳಿ ಖುಷಿಪಡುವ ಮೊದಲು ಲೆಕ್ಕ ಹಾಕಿ. ಕಂಪನಿಯೊಂದರ ಕಾನೂನು ವಿಭಾಗದ ಅದೇ ಮೊತ್ತದ ಸಂಬಳದಲ್ಲಿ ಪಿಎಫ್ ಬೆಳೆಯುತ್ತಿರುತ್ತದೆ, ಇಲ್ಲಿ ಅದನ್ನು ನೀವೇ ಎತ್ತಿಡಬೇಕು. (ಆ ಕಡೆ ಹೋದರೆ ಸನ್ನದನ್ನು ಅಮಾನತಿನಲ್ಲಿಡಬೇಕು, ಅದು ಬೇರೆ ಮಾತು.) ಬಾರ್ ಕೌನ್ಸಿಲ್ 2024ರ ಅಕ್ಟೋಬರ್‌ನಲ್ಲಿ ಜೂನಿಯರ್‌ಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ಸ್ಟೈಪೆಂಡ್ ಕೊಡಿ ಎಂದು ಸೂಚಿಸಿತು. ಅದು ಶಿಫಾರಸು, ಮೇಲಾಗಿ ಹೊಸಬರಿಗೆ ಹೇಳಿದ್ದು. ನಾಲ್ಕು ವರ್ಷ ಟ್ರಯಲ್ ನಡೆಸಿದ ನೀವು ಆ ಅಂಕಿ ಹಿಡಿದು ಮಾತು ಶುರು ಮಾಡಬೇಡಿ. "ಈಗ ಎಷ್ಟು ಬರುತ್ತಿದೆ?" ಎಂದು ಕೇಳಿದರೆ, ಹುಬ್ಬಳ್ಳಿಯ ಸೀನಿಯರ್ ಕೊಡುವುದಕ್ಕೂ ಈ ಹುದ್ದೆಗೂ ಹೋಲಿಕೆಯಿಲ್ಲ, ನೀವು ಈ ಹುದ್ದೆಗೆ ಇಟ್ಟಿರುವುದು ಎಷ್ಟು ಎಂದು ತಿರುಗಿ ಕೇಳಿ. ಮೆತ್ತಗೆ ಕೇಳಿ, ಆದರೆ ಕೇಳಿ. ಆರೋಗ್ಯ ವಿಮೆ ಇದೆಯೇ, ಹೆರಿಗೆ ರಜೆ ಎಷ್ಟು, ಹಳೆಯ ಕಕ್ಷಿದಾರರ ಒಂದೆರಡು ಕೇಸು ಇಟ್ಟುಕೊಳ್ಳಬಹುದೇ ಎಂಬುದು ಲಿಖಿತದಲ್ಲಿ ಬರಲಿ.

ಒಪ್ಪಂದದ ಕರಡನ್ನು ಬೇರೆಯವರದ್ದನ್ನು ಓದಿದ ಹಾಗೆಯೇ ಓದಿ. ಬಿಟ್ಟ ಮೇಲೆ ಇಷ್ಟು ವರ್ಷ ನಮ್ಮ ಕಕ್ಷಿದಾರರ ಕೆಲಸ ಮಾಡುವಂತಿಲ್ಲ ಎಂಬ ಸಾಲು ಇದ್ದರೆ ಗಾಬರಿ ಬೇಡ; ಕರಾರು ಕಾಯಿದೆಯ 27ನೇ ಸೆಕ್ಷನ್ನಿನ ಮುಂದೆ ಅದು ನಿಲ್ಲುವುದು ಕಷ್ಟ. ಬಾಂಡ್ ಇದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ನಮ್ಮ ಹೈಕೋರ್ಟ್ ತಳ್ಳಿಹಾಕಿತ್ತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೆಲಸದಲ್ಲಿರುವ ಅವಧಿಗೆ ಹಾಕುವ ಕಟ್ಟು ಬೇರೆ, ಬಿಟ್ಟ ಮೇಲೆ ಹಾಕುವ ಕಟ್ಟು ಬೇರೆ ಎಂಬುದು ಅಲ್ಲಿನ ತರ್ಕ. ಇದನ್ನು ಸಂದರ್ಶನದಲ್ಲೂ ಕೇಳಬಹುದು.

ಪಾರ್ಟ್ನರ್ ಕೇಳದೆ ಬಿಡದ ಇನ್ನೊಂದು ಪ್ರಶ್ನೆ: "ನಿನ್ನೆಯವರೆಗೆ ಕಾರ್ಮಿಕರ ಪರ ಇದ್ದವರು ನಾಳೆಯಿಂದ ಕಂಪನಿಯ ಪರ ಹೇಗೆ?" ಇದಕ್ಕೆ ಸಿದ್ಧಾಂತದ ಭಾಷಣ ಬೇಡ, ಕ್ಷಮೆಯೂ ಬೇಡ. ಸರಿಯಾದ ಎನ್‌ಕ್ವೈರಿ ನಡೆಸಿ ಎಂದು ಕಂಪನಿಗೆ ಮೊದಲೇ ಹೇಳುವವರು ಒಳಗಿದ್ದರೆ ಎಷ್ಟೋ ಕೇಸು ಹುಟ್ಟುವುದೇ ಇಲ್ಲ ಎಂದು ನಿಮಗೆ ನಿಜವಾಗಿ ಅನ್ನಿಸಿದ್ದರೆ ಅಷ್ಟು ಹೇಳಿ. ಅನ್ನಿಸದಿದ್ದರೆ ಹೇಳಬೇಡಿ, ಮುಖ ನೋಡಿದರೇ ಗೊತ್ತಾಗುತ್ತದೆ. ನಿಜವಾದ ತೊಡಕು ಬೇರೆಯದು. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಒಂದು ಪ್ರಕರಣದಲ್ಲಿ ಒಬ್ಬರಿಗೆ ಸಲಹೆ ಕೊಟ್ಟವರು, ಪ್ಲೀಡಿಂಗ್ಸ್ ಬರೆದವರು ಎದುರು ಪಕ್ಷಕ್ಕೆ ಹಾಜರಾಗುವಂತಿಲ್ಲ. ನಿಮ್ಮ ವಕಾಲತ್ತು ಇರುವ ಯಾವ ಕೇಸಿನ ಮಾಲೀಕರಾದರೂ ಈ ಫರ್ಮಿನ ಕಕ್ಷಿದಾರರೇ ಎಂದು ನೋಡಿಕೊಂಡು, ಇದ್ದರೆ ಅವರು ಕೇಳುವ ಮೊದಲೇ ತಿಳಿಸಿ. ಕಾರ್ಮಿಕರು ನಿಮ್ಮ ಮುಂದೆ ಹೇಳಿಕೊಂಡದ್ದು ನೀವು ಕಚೇರಿ ಬದಲಿಸಿದರೂ ಗುಟ್ಟಾಗಿಯೇ ಉಳಿಯಬೇಕು.

ಹಾಗಾಗಿ ಇವತ್ತು ರಾತ್ರಿಯ ಕೆಲಸ ಸಂಹಿತೆ ಓದುವುದಲ್ಲ. ಡೈರಿ ತೆಗೆದು, ನಿಮ್ಮ ಸಹಿ ಇರುವ ವಕಾಲತ್ತುಗಳ ಪಟ್ಟಿ ಮಾಡಿ: ಕೇಸ್ ನಂಬರ್, ಎದುರು ಪಕ್ಷ, ಮುಂದಿನ ತಾರೀಖು, ಯಾವ ಹಂತ. ಒಂದು ಪ್ರತಿ ನಿಮಗೆ, ಒಂದು ನಿಮ್ಮ ಸೀನಿಯರ್‌ಗೆ. ಸಂದರ್ಶನಕ್ಕೆ ಹೋಗುವ ಸುದ್ದಿ ಅವರಿಗೆ ಬಾರ್ ಅಸೋಸಿಯೇಷನ್ನಿನ ಕ್ಯಾಂಟೀನಿನಲ್ಲಿ ಯಾರಿಂದಲೋ ತಿಳಿಯುವುದಕ್ಕಿಂತ ಮೊದಲು ನೀವೇ ಚೇಂಬರಿಗೆ ಹೋಗಿ ಹೇಳಿ. ಪಾಟಿ ಸವಾಲು ಅರ್ಧಕ್ಕೆ ನಿಂತಿರುವ ಫೈಲು ಯಾವುದಾದರೂ ಇದ್ದರೆ ಅದನ್ನು ಮುಗಿಸಿಕೊಟ್ಟೇ ಹೋಗುತ್ತೇನೆ ಎನ್ನಿ, ಸೇರುವ ದಿನಾಂಕವನ್ನು ಫರ್ಮಿಗೆ ಆ ತಾರೀಖು ನೋಡಿಕೊಂಡು ಹೇಳಿ.